ಆರಾಮಿದ್ದವನ ಬ್ರೆಡ್ಡು

ಕೊಟ್ಟೂರಿನ ಓಣಿಗಳಲ್ಲಿ ಬ್ರೆಡ್ಡು ತಿನ್ನುವವರು ಎರಡೇ ಬಗೆಯವರು. ಒಂದು, ಜ್ವರ ಬಂದು ಮಲಗಿದವರು. ಇನ್ನೊಂದು, ಅವರನ್ನು ನೋಡಲು ಹೋಗಿ ಮಂಚದ ಪಕ್ಕ ಕೂತು ಮಾತಾಡುತ್ತ ಮಾತಾಡುತ್ತ ಅವರ ಪೊಟ್ಟಣದಿಂದಲೇ ಎರಡು ತುಂಡು ಮುಗಿಸಿ ಬಂದವರು. ಯಾರಾದರೂ ಬೇಕರಿಯಿಂದ ಬ್ರೆಡ್ಡು ಹಿಡಿದು ಹೊರಟರೆ ದಾರಿಯಲ್ಲಿ ಸಿಕ್ಕವರು ‘ನಾಷ್ಟಾ ಆಯಿತಾ’ ಎಂದು ಕೇಳುವುದಿಲ್ಲ, ‘ಯಾರಿಗೆ ಆರಾಮಿಲ್ಲ’ ಎಂದು ಕೇಳುತ್ತಾರೆ. ಹುಟ್ಟಿದಾಗಿನಿಂದ ಇದೇ ಊರಿನ ನೀರು ಕುಡಿದ ಸಂಜೀವ ಈ ಸಣ್ಣ ಸಂಗತಿಯನ್ನು ಮರೆತು ಮನೆಯಲ್ಲೇ ಬ್ರೆಡ್ಡು ಸುಡಲು ಹೊರಟ. ಮುಂದಿನದ್ದೆಲ್ಲ ಅದರಿಂದಲೇ ಆಯಿತು.

ಸಂಜೀವ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಸಂಬಳ ಕೆಟ್ಟದ್ದಲ್ಲ, ಮನುಷ್ಯನೂ ಕೆಟ್ಟವನಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ಅವನ ಹೆಂಡತಿ ಪ್ರಿಯಾ ಒಂದು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಹಂಪಸಾಗರದ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಹೋಗುವಾಗ ಜಗಳವಿಲ್ಲ, ಕೂಗಾಟವಿಲ್ಲ. ‘ಸಾಕಾಗೇತ್ರಿ’ ಎಂದಳು, ಅಷ್ಟೇ. ಏನು ಸಾಕಾಯಿತೆಂದು ಸಂಜೀವ ಕೇಳಲಿಲ್ಲ. ಅವಳು ಹೋದ ಮೇಲೆ ಕಾರಣ ಹುಡುಕಿದ. ಹುಡುಕಲು ಅಷ್ಟು ದೊಡ್ಡ ಮನೆಯಿತ್ತು, ಅವನು ಕನ್ನಡಿಯ ಮುಂದೆ ಮಾತ್ರ ಹುಡುಕಿದ. ಅಲ್ಲಿ ಕಂಡದ್ದು ಹೊಟ್ಟೆ. ಸಂಜೆ ಸಂಜೆ ಮಂಜಣ್ಣನ ಅಂಗಡಿಯ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿಂದು ಬೆಳೆಸಿದ, ಅಂಗಿಯ ಗುಂಡಿಗಳ ನಡುವೆ ಇಣುಕಿ ನೋಡುವ ಹೊಟ್ಟೆ.

ಅವನ ಜೊತೆ ಕೆಲಸ ಮಾಡುವ ದುರುಗೇಶನೂ ಅದನ್ನೇ ಹೇಳಿದ. ದುರುಗೇಶ ಆಗಷ್ಟೇ ಜಿಮ್ಮಿಗೆ ಸೇರಿದ್ದ; ಹೊಸದಾಗಿ ಮತಕ್ಕೆ ಸೇರಿದವರಂತೆ ಎಲ್ಲರನ್ನೂ ಸೇರಿಸುವ ಉಮೇದಿನಲ್ಲಿದ್ದ.

“ಈಗಿನ ಹೆಣಮಕ್ಕಳು ಮೊದಲು ಹೊಟ್ಟಿ ನೋಡ್ತಾರಲೇ. ನೀ ಅದನ್ನ ಕರಗಸು, ಆಕಿ ತಾನss ಬರ್ತಾಳ. ಅನ್ನ, ರೊಟ್ಟಿ ಬಂದ್ ಮಾಡು. ಪ್ರೋಟೀನ್ ತಿನ್ನು.”

ಅಂಗಡಿಯ ಪ್ರೋಟೀನ್ ಪುಡಿಯ ರುಚಿಗೆ ಸಂಜೀವನ ನಾಲಿಗೆ ಒಗ್ಗಲಿಲ್ಲ. ಆಗ ದುರುಗೇಶ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಹುರಿಗಡಲೆ ಹಿಟ್ಟು, ಸೋಯಾ ಹಿಟ್ಟು, ಶೇಂಗಾ ಪುಡಿ, ಮೊಟ್ಟೆಯ ಬಿಳಿ, ಗಟ್ಟಿ ಮೊಸರು, ಹೆಸರಿಗೆ ಒಂದು ಹಿಡಿ ಗೋಧಿ ಹಿಟ್ಟು, ಉಬ್ಬಲಿಕ್ಕೆ ಈಸ್ಟು. ಕುಕ್ಕರಿನ ತಳಕ್ಕೆ ಉಪ್ಪು ಸುರಿದು, ರಬ್ಬರು, ಸೀಟಿ ಎರಡನ್ನೂ ತೆಗೆದು, ಸಣ್ಣ ಉರಿಯಲ್ಲಿ ಸುಡಬೇಕು. ಕೇಳಲು ಸುಲಭವೇ. ಮೊದಲನೆಯ ಬ್ರೆಡ್ಡನ್ನು ಸಂಜೀವ ಗಾಳಿಗೆ ಬಡಿದುಕೊಳ್ಳುತ್ತಿದ್ದ ಹಿಂಬಾಗಿಲಿಗೆ ಒತ್ತಾಗಿ ಇಟ್ಟ. ಎರಡನೆಯದನ್ನು ಓಣಿಯ ನಾಯಿ ಮೂಸಿ, ಅವನ ಮುಖವನ್ನೊಮ್ಮೆ ನೋಡಿ, ಮರ್ಯಾದೆಯಿಂದ ಹೊರಟು ಹೋಯಿತು. ಆದರೆ ಅವನು ಬಿಡಲಿಲ್ಲ. ಬೆಳಗ್ಗೆ ಓಟ, ಸಂಜೆ ಜಿಮ್ಮು, ನಡುವೆ ಅದೇ ಬ್ರೆಡ್ಡು. ಖಾಲಿ ಮನೆಯಲ್ಲಿ ಒಬ್ಬನೇ ಕೂತು, ಗಂಟಲಿಗೆ ಅಂಟುವ ತುಂಡನ್ನು ನೀರು ಕುಡಿದು ಇಳಿಸುವಾಗ ಪ್ರಿಯಾ ಬಾಗಿಲು ತೆಗೆದು ತನ್ನನ್ನು ನೋಡುವ ಗಳಿಗೆಯನ್ನು ನೆನೆಸಿಕೊಳ್ಳುತ್ತಿದ್ದ. ಆ ಕನಸಿಲ್ಲದಿದ್ದರೆ ಆ ಬ್ರೆಡ್ಡು ಯಾವ ಮನುಷ್ಯನ ಗಂಟಲಲ್ಲೂ ಇಳಿಯುತ್ತಿರಲಿಲ್ಲ.

ಆರು ತಿಂಗಳಲ್ಲಿ ಹೊಟ್ಟೆ ಹೋಯಿತು. ಆ ಭಾನುವಾರ ಬೆಳಗ್ಗೆ ಕುಕ್ಕರಿನ ಮುಚ್ಚಳ ತೆಗೆದರೆ ಬ್ರೆಡ್ಡೂ ಬೇಕರಿಯದರಂತೆ ಉಬ್ಬಿ ಕೆಂಪಗೆ ಕೂತಿತ್ತು. ಸಂಜೀವನಿಗೆ ಇದು ಶುಭಶಕುನವೆನಿಸಿತು. ಇವತ್ತೇ ಬಸ್ಸು ಹತ್ತಿ ಹಂಪಸಾಗರಕ್ಕೆ ಹೋಗಬೇಕು, ಈ ಮೈಯನ್ನೂ ಈ ಬ್ರೆಡ್ಡನ್ನೂ ಪ್ರಿಯಾಳಿಗೆ ತೋರಿಸಿ ಕರೆದುಕೊಂಡು ಬರಬೇಕು ಎಂದು ನಿಶ್ಚಯಿಸಿದ. ಬಿಸಿ ಆರಲೆಂದು ಬ್ರೆಡ್ಡನ್ನು ಕಟ್ಟೆಯ ಮೇಲೆ ತಂದಿಟ್ಟ.

ಎದುರು ಮನೆಯ ಕನಕಮ್ಮ ಅಂಗಳ ಗುಡಿಸುತ್ತಿದ್ದಳು. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ವಾಸನೆ ಹೋಗುವುದು ಅವಳ ಮೂಗಿಗೆ.

“ಏನಪಾ ಸಂಜೀವ, ಬ್ರೆಡ್ಡಿನ ವಾಸನಿ ಬರಾಕತ್ತೈತಿ? ಯಾರಿಗೆ?”

“ನನಗss ಅತ್ತಿ. ದಿನಾ ಇದನ್ನ ತಿಂತೀನಿ.”

ಕನಕಮ್ಮನ ಕಸಬರಿಗೆ ನಿಂತಿತು. “ದಿನಾ? ಮತ್ತ ರೊಟ್ಟಿ?”

“ರೊಟ್ಟಿ ಬಿಟ್ಟು ಆರು ತಿಂಗಳಾತು. ಅನ್ನನೂ ಮುಟ್ಟಂಗಿಲ್ಲ.”

ಕನಕಮ್ಮ ರಸ್ತೆ ದಾಟಿ ಬಂದು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕೆನ್ನೆಗಳು ಒಳಗೆ ಹೋಗಿದ್ದವು, ಬನಿಯನ್ ಗೂಟಕ್ಕೆ ಹಾಕಿದಂತೆ ಜೋಲುತ್ತಿತ್ತು. ದಿನವೂ ಕಾಣುತ್ತಿದ್ದ ಮುಖವನ್ನು ಅವಳು ಆವತ್ತೇ ಮೊದಲ ಸಲ ನೋಡಿದಳು.

“ಅಯ್ಯ ನಮ್ಮವ್ವ. ಇಷ್ಟಾದ್ರೂ ಯಾರಿಗೂ ಒಂದು ಮಾತು ಹೇಳಲಿಲ್ಲಲ್ಲೋ ತಮ್ಮಾ. ಪ್ರಿಯಾಗ ಗೊತ್ತೈತೇನು?”

“ಇಲ್ಲತ್ತಿ. ಇವತ್ತು ನಾನss ಹೋಗಿ ತೋರಸ್ತೀನಿ” ಎಂದು ನಕ್ಕು, ಸಂಜೀವ ಸ್ನಾನಕ್ಕೆ ಹೋದ.

ಆ ನಗು ಕಂಡು ಕನಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಾವಿನ ಬಾಗಿಲಲ್ಲಿ ನಿಂತೂ ನಗುವ ಹುಡುಗ! ಅವಳು ಕೆಟ್ಟವಳಲ್ಲ, ಒಳ್ಳೆಯವರು ಮಾಡುವಷ್ಟು ಅನಾಹುತ ಕೆಟ್ಟವರಿಂದ ಆಗುವುದೂ ಇಲ್ಲ. ಕಸಬರಿಗೆಯನ್ನು ಅಲ್ಲೇ ಚೆಲ್ಲಿ ಮೊದಲು ಮಂಜಣ್ಣನ ಅಂಗಡಿಗೆ ಹೋದಳು. ಆಮೇಲೆ ಹಂಪಸಾಗರಕ್ಕೆ ಕೊಟ್ಟಿದ್ದ ತನ್ನ ಅಕ್ಕನ ಮಗಳಿಗೆ ಫೋನು ಮಾಡಿದಳು. ‘ಕೈ ಮೀರೇತಂತ’ ಎಂಬ ಮಾತನ್ನು ಯಾರು ಸೇರಿಸಿದರೋ ತಿಳಿಯದು. ಫೋನು ಇಡುವ ಹೊತ್ತಿಗೆ ಅದೂ ಸೇರಿತ್ತು.

ಸಂಜೀವ ಸ್ನಾನ ಮುಗಿಸಿ, ಮದುವೆಯಲ್ಲಿ ಹೊಲಿಸಿದ್ದ ಅಂಗಿ ತೊಟ್ಟು, ಬ್ರೆಡ್ಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದರೆ ಕಟ್ಟೆಯ ತುಂಬ ಜನ. ಎಲ್ಲರ ಕೈಯಲ್ಲೂ ಒಂದೊಂದು ಬ್ರೆಡ್ಡಿನ ಪೊಟ್ಟಣ.

ಮಂಜಣ್ಣ ಎಣ್ಣೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ. “ನಮ್ಮಂಗಡಿ ಕಡಿ ಬರೂದು ಬಿಟ್ಟಾಗಲೇ ನನಗ ಅನುಮಾನ ಇತ್ತಪಾ. ಡಾಕ್ಟ್ರು ಎಣ್ಣಿ ಪದಾರ್ಥ ಬ್ಯಾಡ ಅಂದಾರಂದ್ರ ಅದು ಲಿವರ್ರೇ. ನನ್ನ ಮಿರ್ಚಿದೇನಾರ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊ.”

“ಮಂಜಣ್ಣ, ನನಗೇನೂ ಆಗಿಲ್ಲ! ಆರಾಮ ಅದೀನಿ!”

“ಹೂಂ, ಹೂಂ. ಆರಾಮ ಅದೀಯಪಾ” ಎಂದು ಮಂಜಣ್ಣ ಅಳುವ ಮಗುವಿಗೆ ಹೇಳುವಂತೆ ಹೇಳಿದ. ಆರಾಮಿಲ್ಲದವರು ಮೊದಲು ಆಡುವ ಮಾತೇ ಇದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

“ನಾ ಬಸ್ಸಿಗೆ ಹೋಗಬೇಕು. ದಾರಿ ಬಿಡ್ರಿ.”

“ಈ ಮೈಯಾಗ ಬಸ್ಸೇ? ಕುಂಡ್ರು ಮೊದಲು” ಎಂದು ಕನಕಮ್ಮ ಒಳಗಿನಿಂದ ಮಂಚ ಎಳೆಸಿದಳು. ಯಾರೋ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು, ಯಾರೋ ಚಪ್ಪಲಿ ಕಳಚಿದರು. ಸಂಜೀವ ಎದ್ದಷ್ಟು ಸಲ ನಾಲ್ಕು ಕೈ ಅವನನ್ನು ಮಲಗಿಸಿದವು. ಅವನ ಬಲಗಡೆ ಬ್ರೆಡ್ಡಿನ ಪೊಟ್ಟಣಗಳು ಗೋಡೆಯಂತೆ ಏರತೊಡಗಿದವು.

ಅಷ್ಟರಲ್ಲಿ ಸುದ್ದಿ ಕೇಳಿ ದುರುಗೇಶ ಬೈಕಿನಲ್ಲಿ ಬಂದ. ಅವನನ್ನು ಕಂಡು ಸಂಜೀವನಿಗೆ ಜೀವ ಬಂದಂತಾಯಿತು. “ದುರುಗೇಶ, ಇವರಿಗೆ ನೀನಾದ್ರೂ ಹೇಳಲೇ. ಇದು ನೀನss ಹೇಳಿಕೊಟ್ಟ ಬ್ರೆಡ್ಡಲ್ಲೇನು?”

ಅದನ್ನು ಕೇಳಿದ್ದೇ ದುರುಗೇಶ ಮಂಚದ ಕಾಲು ಹಿಡಿದು ಕುಸಿದ. “ಹೌದಲೇ. ನಾನss ಹೇಳಿದ್ದು. ಸೋಯಾ ಜಾಸ್ತಿ ಆದ್ರ ಕಿಡ್ನಿಗೆ ಬಡೀತೈತಿ ಅಂತ ಆ ವಿಡಿಯೊ ಕೆಳಗ ಯಾರೋ ಬರದಿದ್ರು. ನಾ ನಿನಗ ಹೇಳಲಿಲ್ಲ. ನನ್ನ ಕೈಯಾರ ನಿನ್ನ ಕೊಂದೆ.”

ಲಿವರ್ ಎಂದವರಿಗೆ ಕಿಡ್ನಿಯೂ ಸಿಕ್ಕಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ದೂರದಲ್ಲಿ ತಾನು ಹತ್ತಬೇಕಿದ್ದ ಹಗರಿಬೊಮ್ಮನಹಳ್ಳಿ ಬಸ್ಸು ಹಾರ್ನ್ ಹೊಡೆಯುತ್ತ ಹೋದದ್ದು ಸಂಜೀವನಿಗೆ ಮಲಗಿದಲ್ಲಿಂದಲೇ ಕೇಳಿಸಿತು. ಇನ್ನು ಜಗಳವಾಡಿ ಫಲವಿಲ್ಲವೆಂದು ಅವನು ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದ್ದೇ ಇನ್ನೂ ಗಾಬರಿಯಾಗಿ ಕನಕಮ್ಮ ಅವನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು.

ಮಧ್ಯಾಹ್ನದ ಬಿಸಿಲಿಗೆ ಜನ ನೆರಳಿಗೆ ಸರಿಯುವ ಹೊತ್ತಿಗೆ ಓಣಿಯ ತುದಿಯಲ್ಲಿ ಒಂದು ಆಟೊ ನಿಂತಿತು. ಅದು ಪೂರ್ತಿ ನಿಲ್ಲುವ ಮೊದಲೇ ಪ್ರಿಯಾ ಇಳಿದು ಓಡಿ ಬಂದಳು. ಹಿಂದೆ ಅವಳ ಅಪ್ಪ ಜೋಗಪ್ಪ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ.

ಪ್ರಿಯಾ ಮಂಚದ ಅಂಚಿಗೆ ಕೂತು ಸಂಜೀವನ ಕೈ ಹಿಡಿದಳು. “ಯಾಕ ಹೇಳಲಿಲ್ಲರಿ? ನಾ ಅಷ್ಟು ಹೊರಗಿನಾಕಿ ಆದ್ನೇನು?”

ಗಂಡ ಹೆಂಡತಿ ಮಾತಾಡಿಕೊಳ್ಳಲಿ ಎಂದು ಕನಕಮ್ಮ ಎಲ್ಲರಿಗೂ ಸನ್ನೆ ಮಾಡಿದಳು. ಎಲ್ಲರೂ ಒಪ್ಪಿ, ಹೋಗದೆ, ಮುಖ ಮಾತ್ರ ಆಚೆ ತಿರುಗಿಸಿ ಕೂತರು.

ಸಂಜೀವ ಆಗಲೇ ನಿಜ ಹೇಳಬೇಕಿತ್ತು. ಬಾಯಿ ತೆರೆದ. ಪ್ರಿಯಾ ಆ ಬಾಯಿಗೆ ಎಳನೀರಿನ ಲೋಟ ಹಿಡಿದಳು. ಆರು ತಿಂಗಳಲ್ಲಿ ಯಾರೂ ಅವನಿಗೆ ಒಂದು ಲೋಟ ನೀರು ಕೊಟ್ಟಿರಲಿಲ್ಲ. ಅವನು ಗುಟುಕು ಗುಟುಕಾಗಿ ಕುಡಿದ. ಬೇಗ ಮುಗಿಯದಿರಲೆಂದು ಕುಡಿದ. ಅವಳು ಸೆರಗಿನಿಂದ ಅವನ ತುಟಿ ಒರೆಸಿ, ಹಣೆಯ ಮೇಲಿನ ಕೂದಲು ಹಿಂದೆ ಸರಿಸಿ, “ನಾ ಇನ್ನ ಎಲ್ಲೂ ಹೋಗಂಗಿಲ್ಲ. ಇಲ್ಲೇ ಇರ್ತೀನಿ” ಎಂದಳು. ಜೋಗಪ್ಪನೂ “ಹೂಂ ಮಗಳ, ಇಲ್ಲೇ ಇರು. ಅಳಿಯಂದ್ರನ್ನ ನೋಡ್ಕೊ” ಎಂದು ಗಂಟಲು ಸರಿಮಾಡಿಕೊಂಡ. ಸಂಜೀವ ಬಯಸಿದ್ದೆಲ್ಲ ಬಯಸಿದ ಹಾಗೆಯೇ ನಡೆದುಹೋಗಿತ್ತು. ಅವನು ಸುಮ್ಮನೆ ಮಲಗಿದ್ದರೆ ಸಾಕಿತ್ತು.

ಆದರೆ ಪ್ರಿಯಾ ಅವನ ತೋಳು ಸವರಿ, ಅಳುತ್ತ, “ಏನ್ ಉಳದೈತ್ರಿ ಈ ಮೈಯಾಗ? ಬರೇ ಎಲುಬು” ಎಂದುಬಿಟ್ಟಳು.

ಎಲುಬು! ಆರು ತಿಂಗಳು ಕಬ್ಬಿಣ ಎತ್ತಿದ ತೋಳು! ಗಂಡಸಿನ ಜಂಬಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ಸಂಜೀವ ಧಡಕ್ಕನೆ ಎದ್ದು ಕೂತ.

“ಎಲುಬಲ್ಲ ಪ್ರಿಯಾ. ನನಗ ಯಾವ ರೋಗನೂ ಇಲ್ಲ. ನಿನ್ನ ಸಲುವಾಗಿ ಹೊಟ್ಟಿ ಕರಗಿಸೀನಿ. ನೋಡಿಲ್ಲಿ!”

ಎಂದವನೇ ಮಂಚದಿಂದ ಹಾರಿ, ಕಟ್ಟೆಯ ಕಲ್ಲಿನ ಮೇಲೆ ಅಂಗೈ ಊರಿ ದಂಡ ಹೊಡೆಯತೊಡಗಿದ. ಒಂದು, ಎರಡು, ಹತ್ತು, ಹದಿನೈದು. ಮುಖ ತಿರುಗಿಸಿದ್ದವರೆಲ್ಲ ತಿರುಗಿ ನೋಡಿದರು. ದುರುಗೇಶ ಅಳು ನಿಲ್ಲಿಸಿ ಬಾಯಿ ತೆರೆದ. ಕನಕಮ್ಮ ಮಾತ್ರ ಮಂಜಣ್ಣನ ಕಿವಿಯಲ್ಲಿ ಪಿಸುಗುಟ್ಟಿದಳು: “ಆರೋ ದೀಪ ಜೋರಾಗಿ ಉರೀತೈತೋ ಯಪ್ಪಾ. ನಮ್ಮ ಮಾವಗೂ ಹಿಂಗss ಆಗಿತ್ತು. ಎದ್ದು ಕುಂತು ಚಾ ಕೇಳಿ ಕುಡದು, ಹೋದ.” ಮಂಜಣ್ಣ ತಲೆಯಾಡಿಸಿದ, ಅದು ಕಿವಿಗೆ ಬಿದ್ದು ದುರುಗೇಶ ಮತ್ತೆ ಅಳತೊಡಗಿದ.

ಪ್ರಿಯಾ ಮೊದಲು ಏನೂ ತಿಳಿಯದೆ ನೋಡಿದಳು. ಆಮೇಲೆ ತಿಳಿಯಿತು. ತಿಳಿದ ಮೇಲೆ, ಕಣ್ಣಲ್ಲಿ ನೀರಿರುವಾಗಲೇ, ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. “ಹುಚ್ಚರದೀರೇನ್ರಿ ನೀವು? ನನ್ನ ಜೀವಾನೇ ಹೋಗಿತ್ತಲ್ರಿ!” ಅವಳ ಆ ನಗು ಕೇಳಿ ಎಷ್ಟೋ ಕಾಲವಾಗಿತ್ತು. ಸಂಜೀವನ ಎದೆ ತುಂಬಿ ಬಂತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಮನಸ್ಸಾಯಿತು. ಬಿಳಿ ಬಟ್ಟೆ ಬಿಚ್ಚಿ, ತನ್ನ ಬ್ರೆಡ್ಡಿನಿಂದ ಒಂದು ಹೋಳು ಮುರಿದು ಅವಳ ಕೈಗಿಟ್ಟ.

“ಇದss ನೋಡು ಅದು. ನಾನss ಮಾಡಿದ್ದು. ಇನ್ನಮ್ಯಾಲೆ ದಿನಾ ನಿನಗೂ ಮಾಡಿ ಕೊಡ್ತೀನಿ.”

ಪ್ರಿಯಾ ಕೈಯಲ್ಲಿದ್ದ ಹೋಳನ್ನು ನೋಡಿದಳು. ನಗು ನಿಂತಿತು. ಒಲೆ ಆರಿಸಿದಂತೆ ಒಮ್ಮೆಲೇ ಅಲ್ಲ, ನಿಧಾನವಾಗಿ ತಣ್ಣಗಾಯಿತು.

“ಆವತ್ತೂ ಬ್ರೆಡ್ಡೇ ಕಳಿಸಿದ್ರಿ” ಎಂದಳು.

“ಯಾವತ್ತು?”

“ಕೂಸು ಹೊಟ್ಟ್ಯಾಗss ಹೋದಾಗ. ಹೊಸಪೇಟಿ ಆಸ್ಪತ್ರ್ಯಾಗ ನಾ ಮಲಗಿದ್ದೆ. ದುರುಗೇಶಣ್ಣನ ಕೈಯಾಗ ಬ್ರೆಡ್ಡು, ಹಾಲು ಕಳಿಸಿದ್ರಿ. ನೀವು ಬರಲಿಲ್ಲ.”

ದುರುಗೇಶ ನೆಲ ನೋಡಿದ.

“ದಿನಾ ಬಾಗಲಾ ನೋಡತಿದ್ದೆ. ಪಕ್ಕದ ಮಂಚದಾಕಿ ಕೇಳಿದ್ಲು, ನಿನ್ನ ಗಂಡ ಎಲ್ಲೆದಾನವ್ವಾ ಅಂತ. ನಾ ಬ್ರೆಡ್ಡು ತೋರಿಸಿದೆ.”

ಹೇಳಬೇಕಾದ ಮಾತು ಸಂಜೀವನಲ್ಲಿ ಇತ್ತು. ಬಾಯಿಗೆ ಬಂದದ್ದು ಬೇರೆ, ಆವತ್ತಿನಿಂದ ರೂಢಿಯಾಗಿದ್ದ ಮಾತು.

“ಆಫೀಸಿನ್ಯಾಗ ಆಡಿಟ್ ಇತ್ತು ಪ್ರಿಯಾ.”

“ಹೌದ್ರಿ. ಆಡಿಟ್ ಇತ್ತು.” ಅವಳು ಹೋಳನ್ನು ಬಟ್ಟೆಯ ಮೇಲೆ ಜೋಪಾನವಾಗಿ ಇಟ್ಟಳು. “ನೀವು ದಪ್ಪ ಅದೀರಿ ಅಂತ ನಾ ಹೋಗಲಿಲ್ಲರಿ. ನಿಮ್ಮ ಹೊಟ್ಟಿ ಮ್ಯಾಲೆ ನನಗೇನ್ ಸಿಟ್ಟು? ಇವತ್ತು ನೀವು ಉಳಿಯಂಗಿಲ್ಲ ಅಂದ್ರು. ಕಾಲಾಗ ಚಪ್ಪಲಿ ಸೈತ ಇಲ್ಲದಂಗ ಬಂದೆ. ನಾ ಬಂದೆ ನೋಡ್ರಿ.” ಅವಳು ಎದ್ದಳು. “ಆರಾಮ ಅದೀರಿ. ಚಲೋ ಆತು. ನಡೀ ಅಪ್ಪಾ.”

ಜೋಗಪ್ಪ ಅಳಿಯನನ್ನು ನೋಡಿದ, ಮಗಳನ್ನು ನೋಡಿದ. “ಏನಾರ ಒಂದು ಮಾತಾಡ್ರಿ ಅಳಿಯಂದ್ರ” ಎಂದು ಮೆಲ್ಲಗೆ ಹೇಳಿ ಸ್ವಲ್ಪ ಹೊತ್ತು ಕಾದ. ಆಮೇಲೆ ಮಗಳ ಹಿಂದೆ ನಡೆದ.

ಹೇಳಬೇಕಾಗಿದ್ದ ಮಾತು ಇದು. ಆಡಿಟ್ ಇದ್ದದ್ದು ನಿಜ. ಆದರೆ ಅದು ಮಧ್ಯಾಹ್ನಕ್ಕೇ ಮುಗಿದಿತ್ತು. ಸಂಜೀವ ಹೊಸಪೇಟೆಯ ಬಸ್ಸು ಹತ್ತಿದ್ದ. ಆಸ್ಪತ್ರೆಯ ಗೇಟಿನವರೆಗೂ ಹೋಗಿದ್ದ. ಅಲ್ಲಿ ಹಸಿ ಬಾಣಂತಿಯೊಬ್ಬಳನ್ನು ಕೂಸಿನ ಸಮೇತ ಮನೆಯವರು ನಗುನಗುತ್ತ ಜೀಪಿಗೆ ಹತ್ತಿಸುತ್ತಿದ್ದರು. ಅದನ್ನು ಕಂಡು ಅವನ ಕಾಲು ಮುಂದೆ ಬರಲಿಲ್ಲ. ಒಳಗೆ ಹೋಗಿ ಪ್ರಿಯಾಳ ಮುಖ ನೋಡಿದರೆ ತಾನು ಎಲ್ಲರೆದುರು ಅತ್ತುಬಿಡುತ್ತೇನೆ, ಅವಳಿಗೆ ಧೈರ್ಯ ಹೇಳಬೇಕಾದವನೇ ಅತ್ತರೆ ಹೇಗೆ ಎಂದು ಹೆದರಿ, ಎದುರಿನ ಚಹಾದ ಅಂಗಡಿಯಲ್ಲಿ ಸಂಜೆಯವರೆಗೆ ಕೂತು ತಿರುಗಿ ಬಂದಿದ್ದ. ಮರುದಿನದಿಂದ ಹೋಗಲು ಮುಖವೂ ಇರಲಿಲ್ಲ. ಹೆದರಿದ್ದೆ ಎನ್ನುವುದಕ್ಕಿಂತ ಆಡಿಟ್ ಇತ್ತು ಎನ್ನುವುದು ಸುಲಭವಾಗಿತ್ತು. ಇಷ್ಟು ಕಾಲ ಸುಲಭವಾಗಿಯೇ ನಡೆಯಿತು.

ಆಟೊ ಸ್ಟಾರ್ಟ್ ಆದ ಸದ್ದಿಗೆ ಸಂಜೀವ ಬೆಚ್ಚಿಬಿದ್ದು ಎದ್ದ. “ಪ್ರಿಯಾ! ನಿಲ್ಲು! ಆಡಿಟ್ ಅಲ್ಲ...” ಎಂದು ಕೂಗುತ್ತ ಕಟ್ಟೆಯಿಂದ ಜಿಗಿದು ಓಡಿದ. ಆರು ತಿಂಗಳು ಬೆಳಗ್ಗೆ ಬೆಳಗ್ಗೆ ಓಡಿದ ಕಾಲು. ಆಟೊ ಹಿಡಿಯುವುದು ಅವನಿಗೆ ಕಷ್ಟವೇ ಆಗುತ್ತಿರಲಿಲ್ಲ. ಆದರೆ ನಾಲ್ಕು ಹೆಜ್ಜೆ ಹಾಕುವುದರೊಳಗೆ ಹಿಂದಿನಿಂದ ಮಂಜಣ್ಣ ಸೊಂಟಕ್ಕೆ ಬಿದ್ದ, ದುರುಗೇಶ ಎರಡೂ ತೋಳು ತಬ್ಬಿಕೊಂಡ.

“ಹಿಡೀರಿ, ಹಿಡೀರಿ!” ಕನಕಮ್ಮ ಕೂಗಿದಳು. “ಕಡೀ ಗಳಿಗಿ ಹುರುಪು ಅದು! ಎದಿ ಒಡದು ಬಿದ್ದಾನು!”

“ಬಿಡಲೇ ದುರುಗೇಶ! ನಾ ಆಕಿಗೆ ಒಂದು ಮಾತು ಹೇಳಬೇಕು! ಬಿಡ್ರಿ ಮಂಜಣ್ಣ!”

“ಆಮ್ಯಾಲೆ ಹೇಳಿಯಂತಲೇ, ಮೊದಲು ಮಲಕ್ಕೊ” ಎಂದು ದುರುಗೇಶ ಅಳುತ್ತಲೇ ಇನ್ನಷ್ಟು ಬಿಗಿ ಹಿಡಿದ. ಹಿಡಿತದಲ್ಲಿ ದ್ವೇಷವಿದ್ದಿದ್ದರೆ ಕೊಸರಿಕೊಳ್ಳಬಹುದಿತ್ತೇನೋ. ಸಂಜೀವ ಒದ್ದ, ತಿರುಚಿದ, ಕೂಗಿದ. ಕೂಗು ಆಟೊದ ಸದ್ದಿನಲ್ಲಿ ಕಲೆಸಿಹೋಯಿತು. ತಿರುವಿನಲ್ಲಿ ಪ್ರಿಯಾ ಒಮ್ಮೆ ಹೊರಗೆ ಬಗ್ಗಿ ನೋಡಿದಳು. ಅವಳಿಗೆ ಕಂಡದ್ದು ಜನರ ನಡುವೆ ನಿಂತ ಗಂಡ, ಅಷ್ಟೇ. ಆಟೊ ಮರೆಯಾಯಿತು.

ಅವನು ಆಸ್ಪತ್ರೆಯ ಗೇಟಿನ ಒಳಗೆ ಹೋಗಬೇಕಾಗಿದ್ದ ದಿನ ಅವನನ್ನು ಯಾರೂ ಹಿಡಿದಿರಲಿಲ್ಲ.